ಪರದೆಯ ಮುಂದೆ, ಪರದೆಯ ಹಿಂದೆ

ನವೆಂಬರ್ ತಿಂಗಳ ಒಂದು ಬೆಳಗ್ಗೆ ಎದ್ದು ನೋಡಿದರೆ ಅಕ್ಕನಿಂದ ವಾಟ್ಸಾಪಿನಲ್ಲಿ 43 ಫೋಟೋಗಳು ಬಂದು ಕೂತಿದ್ದವು. ಅಕ್ಕ ಎಂದರೆ ದೊಡ್ಡಪ್ಪನ ಮಗಳು. ಮದುವೆಯಾಗಿ ನ್ಯೂಜೆರ್ಸಿಗೆ ಹೋದವಳು ಅಲ್ಲೇ ನೆಲೆ ನಿಂತಿದ್ದಾಳೆ. ಫೋಟೋಗಳೆಲ್ಲ ಅವಳ ಮಗಳದ್ದು. ಹುಡುಗಿಗೆ ಹದಿನೇಳು ವರ್ಷ. ಪಿಟೀಲು ನುಡಿಸುತ್ತಾಳೆ, ಮುಂದಿನ ವರ್ಷ ಸಂಗೀತದ ಕಾಲೇಜಿಗೇ ಸೇರಬೇಕೆಂದು ಹಟ ಹಿಡಿದು ಅರ್ಜಿ ಹಾಕುತ್ತಿದ್ದಾಳೆ. ಫೋಟೋಗಳ ಕೆಳಗೆ ಅಕ್ಕ ಬರೆದಿದ್ದಳು: ‘ಪುಟ್ಟೀ, ನೀನು ಫೋಟೋಗಳ ಮೇಲೇ ತಾನೆ ಪಿಎಚ್‌ಡಿ ಮಾಡ್ತಿರೋದು? ಇದರಲ್ಲಿ ಯಾವುದನ್ನು ಕಳಿಸಬೇಕು ಹೇಳು. ಡಿಸೆಂಬರ್ ಒಂದಕ್ಕೆ ಕೊನೇ ದಿನ.’

ನಾನು ಹಳೇ ಮೈಸೂರು ಭಾಗದ ಫೋಟೋ ಸ್ಟುಡಿಯೋಗಳ ಬಗ್ಗೆ ಸಂಶೋಧನೆ ಮಾಡಲು ಶುರುಮಾಡಿ ನಾಲ್ಕು ವರ್ಷವಾಯಿತು. ಈ ನಾಲ್ಕು ವರ್ಷದಲ್ಲಿ ನನ್ನ ಓದಿನಿಂದ ಮನೆಯವರಿಗೆ ಏನಾದರೂ ಉಪಯೋಗವಾಗಬಹುದು ಎಂದು ಯಾರಿಗಾದರೂ ಅನಿಸಿದ್ದು ಇದೇ ಮೊದಲು. ಹಾಗಾಗಿ ಕಾಫಿ ಕುಡಿಯುವ ಮೊದಲೇ ನೋಡಲು ಕೂತೆ.

43ರಲ್ಲಿ ಮೂವತ್ತನ್ನು ತೆಗೆದುಹಾಕಲು ಹತ್ತು ನಿಮಿಷ ಸಾಕಾಯಿತು. ಕಣ್ಣು ಮುಚ್ಚಿದ್ದು, ಕಮಾನು ಮುಖಕ್ಕೆ ಅಡ್ಡ ಬಂದದ್ದು, ಹಿಂದೆ ಯಾರದೋ ಕೈ ಕಂಡದ್ದು. ಉಳಿದವುಗಳಲ್ಲಿ ನಿಜವಾಗಿ ಪೈಪೋಟಿ ಇದ್ದದ್ದು ಮೂರಕ್ಕೆ. ಮೊದಲನೆಯದು ಸ್ಟುಡಿಯೋದಲ್ಲಿ ದುಡ್ಡು ಕೊಟ್ಟು ತೆಗೆಸಿದ್ದು: ಕಪ್ಪು ಉಡುಪು, ಬೂದು ಬಣ್ಣದ ಹಿನ್ನೆಲೆ, ಪಿಟೀಲನ್ನು ಕೆನ್ನೆಯ ಪಕ್ಕ ನೆಟ್ಟಗೆ ಹಿಡಿದು ಹಿತಮಿತವಾದ ನಗು. ಎರಡನೆಯದು ಅವರ ಊರಿನ ತ್ಯಾಗರಾಜ ಆರಾಧನೆಯಲ್ಲಿ ತೆಗೆದದ್ದು: ರೇಷ್ಮೆ ಲಂಗ, ದಾವಣಿ, ಹಣೆಗೆ ಕುಂಕುಮ, ಚಕ್ಕಳಮಕ್ಕಳ ಹಾಕಿ ಕೂತು ಪಿಟೀಲಿನ ತಲೆಯನ್ನು ಬಲಪಾದದ ಮೇಲಿಟ್ಟು ನುಡಿಸುತ್ತಿದ್ದಾಳೆ. ಹುಡುಗಿ ಎರಡೂ ಪದ್ಧತಿ ಕಲಿತವಳು. ವಾರದ ದಿನಗಳಲ್ಲಿ ನಿಂತು ಬಾಖ್, ಭಾನುವಾರ ಕೂತು ಭೈರವಿ. ಮೂರನೆಯದನ್ನು ಅವಳ ತಮ್ಮ ಫೋನಿನಲ್ಲಿ ತೆಗೆದಿದ್ದ. ಕೋಣೆಯಲ್ಲಿ ಅಭ್ಯಾಸದ ನಡುವೆ ಬಿರಡೆ ತಿರುವುತ್ತಾ ಶ್ರುತಿ ಮಾಡುತ್ತಿದ್ದಾಳೆ. ನಗುವಿಲ್ಲ. ಕೂದಲನ್ನು ಎತ್ತಿ ಕಟ್ಟಿರುವುದರಿಂದ ಎಡಗಡೆ ದವಡೆಯ ಕೆಳಗೆ, ಕುತ್ತಿಗೆಯ ಮೇಲೆ ಒಂದು ಕಂದುಬಣ್ಣದ ಜಡ್ಡು ಎದ್ದು ಕಾಣುತ್ತದೆ. ಪಾಶ್ಚಾತ್ಯ ಪದ್ಧತಿಯಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಗದ್ದಕ್ಕೆ ಪಿಟೀಲು ಒತ್ತಿ ಹಿಡಿಯುವವರಿಗೆಲ್ಲ ಬರುವ ಗುರುತು ಅದು. ಕೂತು ನುಡಿಸುವ ನಮ್ಮವರಿಗೆ ಬರುವುದಿಲ್ಲ.

ಅಕ್ಕನ ಮತ ಮೊದಲನೆಯದಕ್ಕೆ. ಅರ್ಜಿಯ ವಿಷಯದಲ್ಲಿ ಸಲಹೆ ಕೊಡಲು ಅವರು ನೇಮಿಸಿಕೊಂಡಿದ್ದ ಮಹಿಳೆಯ ಮತವೂ ಅದಕ್ಕೇ. ರೇಷ್ಮೆ ಲಂಗದ್ದು ಮಾತ್ರ ಬೇಡವೇ ಬೇಡ ಎಂದಿದ್ದರಂತೆ. ಭಾವನಿಗೆ ರೇಷ್ಮೆ ಲಂಗದ್ದೇ ಇಷ್ಟ, ಯಾಕೆಂದರೆ ‘ಅದರಲ್ಲಿ ಇವಳು ಯಾರು ಅಂತ ಗೊತ್ತಾಗುತ್ತೆ’. ಸಲಹೆಗಾರ್ತಿ ಬೇಡ ಎಂದದ್ದಕ್ಕೂ ಅದೇ ಕಾರಣ ಎಂಬುದು ಅವರಿಗೆ ಹೊಳೆದಂತಿರಲಿಲ್ಲ. ಹುಡುಗಿಗೆ ಮೂರನೆಯದು ಬೇಕು. ಅಕ್ಕ ಆ ಕಲೆಯನ್ನು ಕಂಪ್ಯೂಟರಿನಲ್ಲಿ ಅಳಿಸಿದರೆ ಕಳಿಸಬಹುದು ಎಂದಳಂತೆ, ಅದಕ್ಕೆ ಮನೆಯಲ್ಲಿ ಎರಡು ದಿನ ಮಾತಿಲ್ಲ ಕತೆಯಿಲ್ಲ.

ಆ ಸಂಜೆ ಹುಡುಗಿಯೇ ಫೋನ್ ಮಾಡಿದಳು. ‘ಚಿಕ್ಕಿ, ಅವರು ನಾನು ನುಡಿಸೋದನ್ನ ಕೇಳ್ತಾರಾ, ನೋಡ್ತಾರಾ?’

ಇತಿಹಾಸದ ವಿದ್ಯಾರ್ಥಿಗಳಿಗೆ ಒಂದು ಕೆಟ್ಟ ಚಾಳಿ ಇದೆ. ಸಮಯ ಬೇಕಾದಾಗ ‘ಇದಕ್ಕೆ ಹಿನ್ನೆಲೆ ಇದೆ, ನೋಡಿ ಹೇಳ್ತೀನಿ’ ಎನ್ನುತ್ತೇವೆ. ನಾನೂ ಹಾಗೇ ಅಂದೆ. ಆದರೆ ನೋಡಲು ಹೋದಾಗ ಹಿನ್ನೆಲೆ ನಿಜವಾಗಿಯೂ ಇತ್ತು.

ನಮ್ಮಲ್ಲಿ ಅರ್ಜಿ ಎಂದರೆ ಫೋಟೋ ಇದ್ದೇ ಇರಬೇಕು. ಎಸ್‌ಎಸ್‌ಎಲ್‌ಸಿ ಹಾಲ್ ಟಿಕೆಟ್ಟಿನಿಂದ ಹಿಡಿದು ನನ್ನ ಪಿಎಚ್‌ಡಿ ನೋಂದಣಿಯವರೆಗೆ ಬಲಮೂಲೆಯಲ್ಲಿ ಒಂದು ಖಾಲಿ ಚೌಕ, ಅದಕ್ಕೆ ಅಂಟು ಹಚ್ಚಿದ ನಮ್ಮ ಪೆಚ್ಚುಮೋರೆ. ಆ ಚೌಕದ ಬಗ್ಗೆ ನಾವು ಯಾವತ್ತೂ ಯೋಚಿಸಿರುವುದಿಲ್ಲ. ಪರೀಕ್ಷೆಗೆ ಬಂದವನು ಅರ್ಜಿ ಹಾಕಿದವನೇ ಹೌದೋ ಅಲ್ಲವೋ ನೋಡಲಿಕ್ಕೆ, ಅಷ್ಟೇ ತಾನೆ? ಅಮೆರಿಕದ ಕಾಲೇಜುಗಳಲ್ಲಿ ಅದೇ ಚೌಕಕ್ಕೆ ಬೇರೆ ಕತೆಯಿದೆ. ಇಂದು ಅಲ್ಲಿನ ನೂರಾರು ಕಾಲೇಜುಗಳಿಗೆ ಒಟ್ಟಿಗೇ ಸಲ್ಲುವ ಕಾಮನ್ ಅಪ್ಲಿಕೇಶನ್ ಎಂಬ ಅರ್ಜಿಯಲ್ಲಿ ಫೋಟೋಕ್ಕೆ ಜಾಗವೇ ಇಲ್ಲ. ಸಂಗೀತ, ನಾಟಕದ ವಿಭಾಗಗಳು ಕೇಳುವ ಹೆಚ್ಚುವರಿ ಕಡತಗಳಲ್ಲಿ ಮಾತ್ರ ಕೆಲವು ಕಡೆ ಫೋಟೋ ಬೇಕು, ಕೆಲವು ಕಡೆ ಬೇಕಿದ್ದರೆ ಹಾಕಬಹುದು. ಒಂದು ಕಾಲದಲ್ಲಿ ಎಲ್ಲರೂ ಕೇಳುತ್ತಿದ್ದದ್ದನ್ನು ಆಮೇಲೆ ಬಿಟ್ಟಿದ್ದಾರೆ ಎಂದರೆ ಕೇಳಲು ಒಂದು ಕಾರಣ ಇತ್ತು, ಬಿಡಲೂ ಒಂದು ಕಾರಣ ಇತ್ತು.

ನ್ಯೂಯಾರ್ಕಿನ ಕೊಲಂಬಿಯಾದಲ್ಲಿ 1919ರಲ್ಲಿ ಹೊಸ ಅರ್ಜಿ ನಮೂನೆ ಬಂತು. ಎಂಟು ಪುಟ. ಧರ್ಮ ಯಾವುದು, ತಂದೆಯ ಕಸುಬು ಯಾವುದು, ತಾಯಿಯ ತವರಿನ ಹೆಸರು ಏನು ಎಂಬ ಪ್ರಶ್ನೆಗಳ ಜೊತೆ ಒಂದು ಫೋಟೋವನ್ನೂ ಕೇಳಿತು. ಹಾರ್ವರ್ಡಿನಲ್ಲಿ ಆಗ ಅಧ್ಯಕ್ಷನಾಗಿದ್ದವನು ಅಬಟ್ ಲಾರೆನ್ಸ್ ಲೊವೆಲ್. ಅಲ್ಲಿ 1900ರ ಸುಮಾರಿಗೆ ನೂರಕ್ಕೆ ಏಳರಷ್ಟಿದ್ದ ಯಹೂದಿ ವಿದ್ಯಾರ್ಥಿಗಳ ಪಾಲು 1922ರ ಹೊತ್ತಿಗೆ 21 ದಾಟಿತ್ತು. ಪೂರ್ವ ಯುರೋಪಿನಿಂದ ಬಂದ ವಲಸಿಗರ ಮಕ್ಕಳು, ದರ್ಜಿಗಳ, ಸಣ್ಣ ಅಂಗಡಿಯವರ ಮಕ್ಕಳು, ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದು ಬರುತ್ತಿದ್ದರು. ಲೊವೆಲ್‌ಗೆ ಇದು ಸಮಸ್ಯೆಯಾಗಿ ಕಂಡಿತು. ಯಹೂದಿಗಳಿಗೆ ನೂರಕ್ಕೆ ಹದಿನೈದರ ಮಿತಿ ಹಾಕೋಣ ಎಂದ. ವಿಷಯ ಹೊರಗೆ ಬಂದು ಗಲಾಟೆಯಾಯಿತು. ಅದನ್ನು ಪರಿಶೀಲಿಸಲು ನೇಮಿಸಿದ ಸಮಿತಿ 1923ರಲ್ಲಿ ಇಂಥ ಮಿತಿ ಬೇಡ ಎಂದು ವರದಿ ಕೊಟ್ಟಿತು.

ಆದರೆ ಬಾಗಿಲಿನಿಂದ ಬರಲಾಗದ್ದು ಕಿಟಕಿಯಿಂದ ಬಂತು. 1922ರಿಂದಲೇ ಅರ್ಜಿಯಲ್ಲಿ ಹೊಸ ಪ್ರಶ್ನೆಗಳು ಸೇರಿಕೊಂಡಿದ್ದವು. ಹುಟ್ಟಿದ ಮೇಲೆ ನಿಮ್ಮ ಹೆಸರನ್ನಾಗಲೀ ತಂದೆಯ ಹೆಸರನ್ನಾಗಲೀ ಬದಲಿಸಲಾಗಿದೆಯೇ, ಬದಲಿಸಿದ್ದರೆ ವಿವರ ಕೊಡಿ ಎಂಬುದು ಒಂದು. ಕೊಹೆನ್ ಇದ್ದವನು ಕೋಲ್ ಆಗಿ ಬಂದಿದ್ದಾನೆಯೇ ಎಂದು ಕೇಳುವ ಸಭ್ಯ ವಿಧಾನ ಅದು. 1926ರಲ್ಲಿ ಮೊದಲ ವರ್ಷಕ್ಕೆ ಸೇರುವವರ ಸಂಖ್ಯೆಯನ್ನು ಸಾವಿರಕ್ಕೆ ಸೀಮಿತಗೊಳಿಸಿದರು. ಅಂಕದ ಜೊತೆಗೆ ‘ಚಾರಿತ್ರ್ಯ’ವನ್ನೂ ನೋಡುವುದಾಗಿ ಹೇಳಿದರು. ಪಾಸ್‌ಪೋರ್ಟ್ ಅಳತೆಯ ಫೋಟೋ ಅರ್ಜಿಯ ಕಡ್ಡಾಯ ಭಾಗವಾಯಿತು. ಆ ಅಳತೆ ಆಗ ಹೊಸದು ಎಂಬುದು ನನ್ನಂಥವರಿಗೆ ಕುತೂಹಲದ ವಿಷಯ. ಪಾಸ್‌ಪೋರ್ಟಿಗೆ ಫೋಟೋ ಅಂಟಿಸುವ ಪದ್ಧತಿ ಗಟ್ಟಿಯಾದದ್ದೇ ಮೊದಲನೇ ಮಹಾಯುದ್ಧದ ಸಮಯದಲ್ಲಿ, ಗಡಿ ದಾಟುವವರಲ್ಲಿ ಶತ್ರುವನ್ನು ಹಿಡಿಯಲಿಕ್ಕೆ. ಗಡಿಯಲ್ಲಿ ಹುಟ್ಟಿದ ಅದೇ ಪುಟ್ಟ ಚೌಕ ಹತ್ತು ಹನ್ನೆರಡು ವರ್ಷದಲ್ಲಿ ಕಾಲೇಜಿನ ಗೇಟಿಗೆ ಬಂದು ನಿಂತಿತು. ಹಾರ್ವರ್ಡಿನಲ್ಲಿ ಯಹೂದಿಗಳ ಪಾಲು ಕೆಲವೇ ವರ್ಷಗಳಲ್ಲಿ ಗಣನೀಯವಾಗಿ ಇಳಿಯಿತು. ಕಾಗದದ ಮೇಲೆ ಎಲ್ಲೂ ‘ಮಿತಿ’ ಎಂಬ ಮಾತು ಇರಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಇದಕ್ಕೆ ತಡೆ ಬಂತು. ಪ್ರವೇಶದಲ್ಲಿ ಜನಾಂಗ, ಧರ್ಮದ ಆಧಾರದ ತಾರತಮ್ಯ ಸಲ್ಲದು ಎಂದು ನ್ಯೂಯಾರ್ಕ್ ರಾಜ್ಯ 1948ರಲ್ಲಿ, ಮ್ಯಾಸಚೂಸೆಟ್ಸ್ 1949ರಲ್ಲಿ ಕಾನೂನು ಮಾಡಿದವು. ಕ್ರಮೇಣ ಅರ್ಜಿಗಳಿಂದ ಫೋಟೋದ ಚೌಕ ಮಾಯವಾಯಿತು.

ಇಷ್ಟನ್ನು ಓದಿ ಮುಗಿಸಿದ ದಿನ ಊಟಕ್ಕೆ ಕೂತಾಗ ಅಜ್ಜಿಗೆ ಹೇಳಿದೆ. ಅಜ್ಜಿ ಎಂದರೆ ಅಕ್ಕನಿಗೂ ನನಗೂ ಅಜ್ಜಿ, ಆ ಹುಡುಗಿಗೆ ಮುತ್ತಜ್ಜಿ. ಎಂಬತ್ತೈದು ದಾಟಿದೆ. ಲೊವೆಲ್ ಕತೆ ಅವರಿಗೆ ಹೊಸದೇನೂ ಅನಿಸಲಿಲ್ಲ. ‘ಫೋಟೋ ನೋಡಿ ಬೇಡ ಅನ್ನೋದಕ್ಕೇ ತಾನೆ ಫೋಟೋ ಕೇಳೋದು? ನಮ್ಮ ಕಾಲದಲ್ಲಿ ಗಂಡಿನ ಕಡೆಯವರೂ ಅದಕ್ಕೇ ಕೇಳ್ತಿದ್ದಿದ್ದು’ ಎಂದರು. ಮಜ್ಜಿಗೆ ಅನ್ನ ಕಲಸುತ್ತಾ ಹೇಳಿದ ಮಾತು. ನಾನು ಮೂರು ಅಧ್ಯಾಯ ಬರೆದು ಹೇಳಲು ಹೆಣಗುತ್ತಿರುವುದು ಹೆಚ್ಚುಕಡಿಮೆ ಇದನ್ನೇ.

ನಮ್ಮ ಮನೆಯ ನಡುಮನೆಯಲ್ಲಿ ಅಜ್ಜಿಯ ಒಂದು ಫೋಟೋ ಇದೆ. 1957ರದ್ದು, ಸಯ್ಯಾಜಿರಾವ್ ರಸ್ತೆಯ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಆಗ ಅವರಿಗೂ ಹದಿನೇಳು. ಹಿಂದೆ ಕಂಬಗಳು, ಕೊಳ, ಹಂಸ ಬರೆದ ಪರದೆ. ಜಡೆಯನ್ನು ಮುಂದಕ್ಕೆ ಹಾಕಿಕೊಂಡು ವೀಣೆ ನುಡಿಸುತ್ತಾ ಕೂತಿದ್ದಾರೆ. ತಾತನ ಮನೆಗೆ ಕಳಿಸಿದ್ದು ಇದೇ ಫೋಟೋ. ಅಜ್ಜಿ ವೀಣೆ ನುಡಿಸುತ್ತಿದ್ದರು, ಮದುವೆಯಾದ ಮೇಲೆ ಬಿಟ್ಟರು ಎಂಬ ಕತೆಯನ್ನು ನಾನು ಚಿಕ್ಕಂದಿನಿಂದ ಕೇಳಿ ಬೆಳೆದೆ. ನನ್ನ ಸಂಶೋಧನೆಯ ಪ್ರಸ್ತಾವನೆಯಲ್ಲಿ ‘ಮದುವೆಯೊಂದಿಗೆ ಮೌನವಾದ ವೀಣೆ’ ಎಂದು ಒಂದು ವಾಕ್ಯವನ್ನೂ ಬರೆದಿದ್ದೆ. ಮಾರ್ಗದರ್ಶಕರು ಅದರ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಎರಡು ವರ್ಷದ ಹಿಂದೆ ಅಜ್ಜಿಯನ್ನೇ ಕೂರಿಸಿಕೊಂಡು ಧ್ವನಿಮುದ್ರಣ ಮಾಡುವಾಗ ಕೇಳಿದೆ, ಯಾರ ಹತ್ತಿರ ಕಲಿತದ್ದು ಎಂದು. ‘ಅಯ್ಯೋ, ನನಗೆಲ್ಲಿ ಬರ್ತಿತ್ತು ವೀಣೆ? ಅದು ಸ್ಟುಡಿಯೋದವರದ್ದು ಕಣೆ. ಇಟ್ಟುಕೊಂಡಿರ್ತಿದ್ದರು, ಹೆಣ್ಣುಮಕ್ಕಳು ಬಂದರೆ ಮುಂದೆ ಇಡೋಕೆ. ನನಗೆ ನಾಲ್ಕು ದೇವರನಾಮ ಬರ್ತಿತ್ತು, ಅಷ್ಟೇ.’

ಆ ಮೇಲೆ ಬೇರೆ ಮನೆಗಳ ಆಲ್ಬಂಗಳನ್ನು ನೋಡುವಾಗಲೆಲ್ಲ ನನ್ನ ಕಣ್ಣು ಮೊದಲು ಬೆರಳಿಗೆ ಹೋಗುತ್ತದೆ. ಎಡಗೈ ಬೆರಳು ಮೆಟ್ಟಿಲ ಮೇಲೆ ನಿಜವಾಗಿ ಒತ್ತಿದೆಯೇ, ಸುಮ್ಮನೆ ತಾಗಿಸಿಕೊಂಡಿದೆಯೇ? ಸುಮ್ಮನೆ ತಾಗಿಸಿದ್ದೇ ಹೆಚ್ಚು. ವೀಣೆ ಬರುತ್ತದೆ ಎಂದಲ್ಲ, ವೀಣೆ ಮುಂದಿಟ್ಟು ಕೂರಿಸಬಹುದಾದ ಮನೆತನದ ಹುಡುಗಿ ಎಂದು ಆ ಫೋಟೋ ಹೇಳುತ್ತಿತ್ತು. ಆದರೆ ಅದಕ್ಕೆ ಮೂವತ್ತು ನಲವತ್ತು ವರ್ಷ ಮೊದಲು ಹೀಗಿರಲಿಲ್ಲ. ವಾದ್ಯದ ಜೊತೆ, ಹಾಡಿನ ಜೊತೆ ಹೆಂಗಸಿನ ಚಿತ್ರ ಬಜಾರಿನಲ್ಲಿ ಸಿಗುತ್ತಿದ್ದರೆ ಅದು ಗೌಹರ್ ಜಾನ್‌ರಂಥವರದ್ದು.

ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗಾಗಿ ಫ್ರೆಡ್ ಗೈಸ್‌ಬರ್ಗ್‌ನ ತುತ್ತೂರಿಯ ಮುಂದೆ ಹಾಡಿದರು. ಹಾಡು ಮುಗಿದ ಕೂಡಲೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಜಂಬವಲ್ಲ ಅದು. ಮುದ್ರಿಕೆಗಳು ಜರ್ಮನಿಯ ಹಾನೋವರಿಗೆ ಹೋಗಿ ತಟ್ಟೆಗಳಾಗಿ ಬರಬೇಕಿತ್ತು; ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡು ಎಂದು ತಿಳಿಯಬೇಕಲ್ಲ, ಅದಕ್ಕಾಗಿ. ಮುಖ ಕಾಣದ ಕಡೆ ಧ್ವನಿಯೇ ತನ್ನ ಗುರುತುಚೀಟಿ ತೋರಿಸುತ್ತಿತ್ತು. ಧ್ವನಿ ಊರೂರಿಗೆ ಹೋದ ಮೇಲೆ ಮುಖವೂ ಹೋಯಿತು. ಅವರ ಚಿತ್ರ ಪೋಸ್ಟ್‌ಕಾರ್ಡುಗಳ ಮೇಲೆ, ಆಸ್ಟ್ರಿಯಾದಲ್ಲಿ ತಯಾರಾದ ಬೆಂಕಿಪೊಟ್ಟಣಗಳ ಮೇಲೆ ಬಂತು. ಬೀಡಿ ಹಚ್ಚುವವನ ಜೇಬಿನಲ್ಲೂ ಗೌಹರ್ ಜಾನ್. ಆ ಮುಖ 1928ರಲ್ಲಿ ಆಸ್ಥಾನ ಗಾಯಕಿಯಾಗಿ ಮೈಸೂರಿಗೆ ಬಂತು, 1930ರ ಜನವರಿ 17ರಂದು ನಮ್ಮ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿತು. ನಾನು ಗ್ರಂಥಾಲಯಕ್ಕೆ ಹೋಗುವ ಬಸ್ಸು ದಿನಾ ಆ ಆಸ್ಪತ್ರೆಯ ಮುಂದೆಯೇ ಹೋಗುತ್ತದೆ. ಇಡೀ ದೇಶ ಕಂಡ ಮುಖ ಕೊನೆಗೆ ಇಲ್ಲಿ ಒಂದು ಮಂಚದ ಮೇಲೆ ಇತ್ತು ಎಂದು ಒಮ್ಮೊಮ್ಮೆ ನೆನಪಾಗುತ್ತದೆ.

ಇದನ್ನೆಲ್ಲ ಹುಡುಗಿಗೆ ಹೇಳಿದೆ. ಅವಳು ಕೇಳಿಸಿಕೊಂಡಳು, ಆದರೆ ಅವಳ ಪ್ರಶ್ನೆ ಅಲ್ಲೇ ಇತ್ತು. ‘ಸಂಗೀತದ ಕಾಲೇಜಿನಲ್ಲಿ ಏನಾಗಿದೆ, ಅದು ಹೇಳು ಚಿಕ್ಕಿ.’ ಹೇಳಲೋ ಬೇಡವೋ ಎಂದುಕೊಂಡೇ ನೀನಾ ಸಿಮೋನ್ ಕತೆ ಹೇಳಿದೆ.

ಯೂನಿಸ್ ವೇಮನ್ ಎಂಬ ಹುಡುಗಿ 1933ರಲ್ಲಿ ಉತ್ತರ ಕೆರೊಲಿನಾದ ಟ್ರೈಯಾನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದಳು. ಕಪ್ಪು ಜನರ ಕುಟುಂಬ, ತಾಯಿ ಚರ್ಚಿನ ಬೋಧಕಿ. ಹುಡುಗಿಯ ಕೈ ನೋಡಿ ಒಬ್ಬ ಬಿಳಿಯ ಶಿಕ್ಷಕಿ ಪಿಯಾನೋ ಪಾಠ ಹೇಳಿದರು, ಊರಿನವರು ಅವಳ ಓದಿಗಾಗಿ ನಿಧಿ ಕೂಡಿಸಿದರು. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಊರಿನ ಸಭಾಂಗಣದಲ್ಲಿ ಅವಳ ಕಛೇರಿ. ಮುಂದಿನ ಸಾಲಿನಲ್ಲಿ ಕೂತಿದ್ದ ಅಪ್ಪ ಅಮ್ಮನನ್ನು ಬಿಳಿಯರಿಗೆ ಜಾಗ ಬಿಟ್ಟು ಹಿಂದೆ ಹೋಗಿ ಎಂದು ಎಬ್ಬಿಸಿದರು. ಅವರನ್ನು ವಾಪಸು ಮುಂದೆ ಕೂರಿಸುವವರೆಗೂ ನುಡಿಸುವುದಿಲ್ಲ ಎಂದು ಹುಡುಗಿ ಕೈಕಟ್ಟಿ ಕೂತಳು. 1950ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಜೂಲಿಯಾರ್ಡ್‌ನಲ್ಲಿ ತಯಾರಿ. ಗುರಿ ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆ. ಅಲ್ಲಿ ಸೇರಿದವರಿಗೆ ಶುಲ್ಕವಿಲ್ಲ, ಹಾಗಾಗಿ ಪೈಪೋಟಿ ವಿಪರೀತ. 1951ರಲ್ಲಿ ಪರೀಕ್ಷೆಗೆ ನುಡಿಸಿದಳು. ಆ ವರ್ಷ 72 ಮಂದಿಯಲ್ಲಿ ಮೂವರಿಗೆ ಸೀಟು ಸಿಕ್ಕಿತು. ಅವಳಿಗೆ ಸಿಗಲಿಲ್ಲ.

ಕಪ್ಪು ಹುಡುಗಿ ಎಂಬ ಕಾರಣಕ್ಕೇ ಬಿಟ್ಟರು ಎಂದು ಅವಳು ಸಾಯುವವರೆಗೂ ನಂಬಿದ್ದಳು. ಮುಂದೆ ಅವಳಿಗೆ ಖಾಸಗಿಯಾಗಿ ಪಾಠ ಹೇಳಿದ ವ್ಲಾದಿಮಿರ್ ಸೊಕೊಲೊಫ್, ಬಣ್ಣ ಕಾರಣವಲ್ಲ, ಆ ವರ್ಷ ಅವಳಿಗಿಂತ ಚೆನ್ನಾಗಿ ನುಡಿಸಿದವರಿದ್ದರು ಎಂದರು. ಅದೇ ಸಂಸ್ಥೆಯಿಂದ ಜಾರ್ಜ್ ವಾಕರ್ ಎಂಬ ಕಪ್ಪು ಪಿಯಾನೋ ವಾದಕ 1945ರಲ್ಲೇ ಪದವಿ ಪಡೆದಿದ್ದರು ಎಂಬುದೂ ನಿಜ. ಯಾರ ಮಾತು ಸರಿ? ನಾನು ಇಲ್ಲಿ ತೀರ್ಪು ಕೊಡಲಾರೆ. ಆದರೆ ಒಂದು ಮಾತು ಹೇಳಬಲ್ಲೆ: ತೀರ್ಪುಗಾರರು ಅವಳನ್ನು ಕಂಡಿದ್ದರು. ಕಂಡಮೇಲೆ, ಬರೀ ಕೇಳಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಉತ್ತರ ಸಿಗುವ ದಾರಿ ಮುಚ್ಚಿಹೋಯಿತು, ಅವಳಿಗೂ ಅವರಿಗೂ. ಯೂನಿಸ್ ಹೊಟ್ಟೆಪಾಡಿಗೆ ಅಟ್ಲಾಂಟಿಕ್ ಸಿಟಿಯ ಬಾರಿನಲ್ಲಿ ನುಡಿಸುತ್ತಾ, ಬೋಧಕಿಯಾದ ತಾಯಿಗೆ ತಿಳಿಯದಿರಲಿ ಎಂದು ನೀನಾ ಸಿಮೋನ್ ಎಂಬ ಹೆಸರಿಟ್ಟುಕೊಂಡಳು. ಮುಂದಿನದು ಜಗತ್ತಿಗೇ ಗೊತ್ತು. ಕರ್ಟಿಸ್ ಸಂಸ್ಥೆ 2003ರ ಏಪ್ರಿಲ್‌ನಲ್ಲಿ ಅವಳಿಗೆ ಗೌರವ ಪದವಿ ಕೊಟ್ಟಿತು. ಅದಾಗಿ ಎರಡು ದಿನಕ್ಕೆ ಅವಳು ತೀರಿಕೊಂಡಳು.

ಕಾಣದೆ ಕೇಳುವ ಉಪಾಯ ಮಾತ್ರ ಮರುವರ್ಷವೇ ಬಂತು, ಬೇರೊಂದು ಊರಿನಲ್ಲಿ. ಬಾಸ್ಟನ್ ಸಿಂಫನಿ ವಾದ್ಯವೃಂದ 1952ರಲ್ಲಿ ಹೊಸಬರನ್ನು ಆರಿಸುವಾಗ ನುಡಿಸುವವರಿಗೂ ಕೇಳುವವರಿಗೂ ನಡುವೆ ಪರದೆ ಕಟ್ಟಿತು. ಉಳಿದ ವಾದ್ಯವೃಂದಗಳು ಅಷ್ಟು ಬೇಗ ಒಪ್ಪಲಿಲ್ಲ. 1969ರಲ್ಲಿ ಅರ್ಲ್ ಮ್ಯಾಡಿಸನ್, ಆರ್ಥರ್ ಡೇವಿಸ್ ಎಂಬ ಇಬ್ಬರು ಕಪ್ಪು ವಾದಕರು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಿರುದ್ಧ ನಗರದ ಮಾನವ ಹಕ್ಕು ಆಯೋಗಕ್ಕೆ ದೂರು ಕೊಟ್ಟರು. ಪರದೆಯ ಹಿಂದೆ ನುಡಿಸಲು ತಾವು ಸಿದ್ಧ ಎಂದರು. ಕಾಯಂ ಹುದ್ದೆಗಳ ವಿಷಯದಲ್ಲಿ ತಾರತಮ್ಯ ಸಾಬೀತಾಗಿಲ್ಲ, ಬದಲಿಗೆ ಕರೆಯುವ ತಾತ್ಕಾಲಿಕ ವಾದಕರ ನೇಮಕದಲ್ಲಿ ಆಗಿದೆ ಎಂದು 1970ರಲ್ಲಿ ಆಯೋಗ ಹೇಳಿತು. ಪರದೆ ನಿಧಾನವಾಗಿ ಎಲ್ಲ ಕಡೆ ಬಂದದ್ದು ಆಮೇಲೆ. ಬರೀ ಪರದೆಯೂ ಸಾಲದೆ ಕೆಲವೆಡೆ ವೇದಿಕೆಗೆ ಜಮಖಾನ ಹಾಸಿದರು. ಯಾಕೆಂದರೆ ಹೆಂಗಸರ ಎತ್ತರದ ಹಿಮ್ಮಡಿಯ ಚಪ್ಪಲಿಯ ಟಕಟಕ ಶಬ್ದ ಪರದೆಯನ್ನು ದಾಟಿ ಬರುತ್ತಿತ್ತು! ಕ್ಲಾಡಿಯಾ ಗೋಲ್ಡಿನ್ ಮತ್ತು ಸಿಸಿಲಿಯಾ ರೌಸ್ ಎಂಬ ಅರ್ಥಶಾಸ್ತ್ರಜ್ಞೆಯರು 2000ದಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಅಮೆರಿಕದ ಐದು ಅಗ್ರ ವಾದ್ಯವೃಂದಗಳಲ್ಲಿ 1970ರಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆಯಿದ್ದ ಮಹಿಳೆಯರು ತೊಂಬತ್ತರ ದಶಕದ ಕೊನೆಗೆ 25ರಷ್ಟಾಗಿದ್ದರು. ಇದರಲ್ಲಿ ಪರದೆಯ ಪಾಲು ಎಷ್ಟು ಎಂಬ ಲೆಕ್ಕ ಆ ಪ್ರಬಂಧವನ್ನು ಉಲ್ಲೇಖಿಸುವವರು ಹೇಳುವಷ್ಟು ಗಟ್ಟಿಯಿಲ್ಲ ಎಂದು ಆಮೇಲೆ ಬೇರೆಯವರು ತೋರಿಸಿದ್ದಾರೆ.

ಲೆಕ್ಕಕ್ಕಿಂತ ನನಗೆ ಹಿಡಿಸಿದ್ದು ಮ್ಯೂನಿಕ್‌ನ ಒಂದು ಪ್ರಸಂಗ. 1980ರಲ್ಲಿ ಆ ನಗರದ ಫಿಲ್‌ಹಾರ್ಮೋನಿಕ್‌ನಿಂದ ಅಬ್ಬಿ ಕೊನಂಟ್ ಎಂಬ ಟ್ರಾಂಬೋನ್ ವಾದಕಿಗೆ ‘ಶ್ರೀಯುತ ಅಬ್ಬಿ ಕೊನಂಟ್’ ಎಂದು ಕರೆ ಬಂತು. ಸ್ಪರ್ಧಿಗಳಲ್ಲಿ ಒಬ್ಬ ವಾದ್ಯವೃಂದದವರಿಗೆ ಪರಿಚಿತರ ಮಗನಾಗಿದ್ದರಿಂದ ಆ ಸಲ ಪರದೆ ಹಾಕಿದ್ದರು. ಕೊನಂಟ್ ನುಡಿಸಿದರು, ಆಯ್ಕೆಯಾದರು, ಪರದೆಯಿಂದ ಹೊರಬಂದರು. ಎದುರಿಗಿದ್ದವರು ದಂಗಾದರು. ಕೆಲಸ ಸಿಕ್ಕಿತು, ಆದರೆ ಸ್ವಲ್ಪ ಕಾಲಕ್ಕೆ ಅವರನ್ನು ಎರಡನೇ ಸ್ಥಾನಕ್ಕೆ ಇಳಿಸಿದರು. ತಮ್ಮ ಜಾಗ ವಾಪಸು ಪಡೆಯಲು, ಸಮಾನ ಸಂಬಳ ಪಡೆಯಲು ಆಕೆ 1993ರವರೆಗೂ ಕೋರ್ಟು ಹತ್ತಿಳಿದರು. ಪರದೆ ಒಳಗೆ ಬಿಡಬಲ್ಲದು, ಒಳಗೆ ಹೋದ ಮೇಲೆ ಅದು ಕಾಯುವುದಿಲ್ಲ.

‘ಹಾಗಾದರೆ ಫೋಟೋ ಕಳಿಸೋದೇ ಬೇಡ’ ಎಂದಳು ಹುಡುಗಿ. ಅಕ್ಕ ಪಕ್ಕದಲ್ಲೇ ಇದ್ದಳು. ‘ಫೋಟೋ ಬಿಡು, ವಿಡಿಯೋ ಕಳಿಸ್ತಿದೀಯಲ್ಲ, ಅದರಲ್ಲಿ ಮುಖ ಕಾಣಲ್ವಾ?’ ಎಂದಳು. ಅಕ್ಕನ ಮಾತು ನಿಜ. ಮೊದಲ ಸುತ್ತಿನ ಆಯ್ಕೆಗೆ ಸಂಗೀತದ ಕಾಲೇಜುಗಳು ಕೇಳುವುದು ವಿಡಿಯೋವನ್ನು. ಕೈ, ಮುಖ, ಕಮಾನು ಎಲ್ಲ ಕಾಣಬೇಕು, ನಡುವೆ ಕತ್ತರಿಸಿ ಅಂಟಿಸಿರಬಾರದು. ಚಿಯಾ-ಜಂಗ್ ತ್ಸೇ ಎಂಬ ಸಂಶೋಧಕಿ 2013ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ನೆನಪಾಯಿತು. ಆಕೆ ಸ್ವತಃ ಪಿಯಾನೋ ವಾದಕಿ. ಸಂಗೀತ ಸ್ಪರ್ಧೆಗಳ ಅಂತಿಮ ಸುತ್ತಿನ ತುಣುಕುಗಳನ್ನು ಕೆಲವರಿಗೆ ಧ್ವನಿ ಮಾತ್ರ ಕೇಳಿಸಿ, ಕೆಲವರಿಗೆ ಧ್ವನಿಯಿಲ್ಲದೆ ಚಿತ್ರ ಮಾತ್ರ ತೋರಿಸಿ, ಗೆದ್ದವರು ಯಾರಿರಬಹುದು ಎಂದು ಕೇಳಿದರು. ಸರಿಯಾಗಿ ಹೇಳಿದವರು ಮೂಕಚಿತ್ರ ನೋಡಿದವರೇ ಹೆಚ್ಚು. ಸಂಗೀತ ಗೊತ್ತಿಲ್ಲದವರ ಮಾತಿರಲಿ, ಸಂಗೀತವನ್ನೇ ಕಸುಬಾಗಿಸಿಕೊಂಡವರದ್ದೂ ಇದೇ ಪಾಡು. ಧ್ವನಿಯೇ ಮುಖ್ಯ ಎಂದು ಅವರೆಲ್ಲ ಮೊದಲು ಹೇಳಿದ್ದರು. ಅಂದರೆ ಹುಡುಗಿಯ ಪ್ರಶ್ನೆಗೆ ಉತ್ತರ, ಕೇಳುತ್ತೇವೆಂದುಕೊಂಡೇ ನೋಡುತ್ತಾರೆ ಎಂಬುದು.

ಸಲಹೆಗಾರ್ತಿಯ ಮಾತನ್ನು ನಾನು ಮೊದಲು ಹಗುರವಾಗಿ ತೆಗೆದುಕೊಂಡಿದ್ದೆ. ಅದಕ್ಕೂ ಒಂದು ಹಿಂದಿದೆ. ಪ್ರಿನ್ಸ್‌ಟನ್ ರಿವ್ಯೂ ಎಂಬ ಕಂಪನಿಯ ಪ್ರವೇಶ ಮಾರ್ಗದರ್ಶಿಯೊಂದು ಏಷ್ಯಾ ಮೂಲದ ವಿದ್ಯಾರ್ಥಿಗಳಿಗೆ, ಬಿಡುವ ಅವಕಾಶವಿದ್ದರೆ ಫೋಟೋ ಲಗತ್ತಿಸಬೇಡಿ ಎಂದು ಬುದ್ಧಿ ಹೇಳಿತ್ತು. ಆ ಮಾತು ಹಾರ್ವರ್ಡ್ ವಿರುದ್ಧ ಹೂಡಿದ ಮೊಕದ್ದಮೆಯ ಕಾಗದಪತ್ರಗಳಲ್ಲಿ ಸೇರಿಕೊಂಡಿದೆ. 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವಂತಿಲ್ಲ ಎಂದು ತೀರ್ಪು ಕೊಟ್ಟದ್ದು ಅದೇ ಮೊಕದ್ದಮೆಯಲ್ಲಿ. ಏಷ್ಯಾ ಮೂಲದವರಿಗೆ ಓದಿನಲ್ಲಿ ಹೆಚ್ಚು, ‘ವ್ಯಕ್ತಿತ್ವ’ದ ಕಾಲಮಿನಲ್ಲಿ ಸರಾಸರಿ ಕಡಿಮೆ ಅಂಕ ಬೀಳುತ್ತಿತ್ತು ಎಂಬುದು ವಿಚಾರಣೆಯಲ್ಲಿ ಹೊರಬಿತ್ತು. ಬೇಕೆಂದೇ ಮಾಡಿದ ತಾರತಮ್ಯವಲ್ಲ ಎಂದು ಕೆಳಗಿನ ಕೋರ್ಟುಗಳು ಹೇಳಿದ್ದವು. ತೀರ್ಪಿನಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬ ಜಗಳ ಇನ್ನೂ ನಡೆದೇ ಇದೆ, ಕಪ್ಪು ವಿದ್ಯಾರ್ಥಿಗಳ ಬಾಗಿಲು ಮುಚ್ಚಲು ಏಷ್ಯಾದವರ ಹೆಗಲ ಮೇಲೆ ಕೋವಿ ಇಟ್ಟರು ಎಂಬ ಸಿಟ್ಟಿನಲ್ಲಿ ನನಗೂ ಪಾಲಿದೆ. ನನ್ನನ್ನು ಕಾಡಿದ್ದು ಮಾತ್ರ ‘ವ್ಯಕ್ತಿತ್ವ’ ಎಂಬ ಆ ಕಾಲಮು. 1926ರ ‘ಚಾರಿತ್ರ್ಯ’ದ ಮೊಮ್ಮಗು ಅದು. ಅಂದು ಆ ಮಾತಿನ ಪಕ್ಕ ಫೋಟೋ ಇತ್ತು. ಇಂದು ಇಲ್ಲ, ಆದರೂ ಒಂದು ರೇಷ್ಮೆ ಲಂಗ ನ್ಯೂಜೆರ್ಸಿಯ ಮನೆಯೊಂದರಲ್ಲಿ ಜಗಳ ಹುಟ್ಟಿಸುತ್ತದೆ.

ಕೊನೆಗೆ ನಾನು ಕೊಟ್ಟ ಸಲಹೆ ಏನು? ನಿಜ ಹೇಳಬೇಕೆಂದರೆ ಸಲಹೆ ಕೊಡುವ ಧೈರ್ಯ ಬರಲಿಲ್ಲ. ಅಕ್ಕನಿಗೆ ಕಪ್ಪು ಉಡುಪಿನದ್ದು ಚೆನ್ನಾಗಿದೆ ಎಂದೆ, ಯಾಕೆಂದರೆ ಅದು ಚೆನ್ನಾಗಿಯೇ ಇತ್ತು. ಭಾವನಿಗೆ ಆರಾಧನೆಯ ಫೋಟೋವನ್ನು ದೊಡ್ಡದು ಮಾಡಿಸಿ ಮನೆಯಲ್ಲಿ ಹಾಕಿ ಎಂದೆ. ಹುಡುಗಿಗೆ ಮಾತ್ರ ನನಗೆ ಅನಿಸಿದ್ದನ್ನು ಹೇಳಿದೆ. ಎರಡು ವರ್ಷದಲ್ಲಿ ನಾನು ನೋಡಿದ ನೂರಾರು ಫೋಟೋಗಳಲ್ಲಿ ವಾದ್ಯವನ್ನು ಮುಂದಿಟ್ಟುಕೊಂಡು ಕೂತವರೇ ಎಲ್ಲರೂ, ಶ್ರುತಿ ಮಾಡುತ್ತಿರುವ ಒಂದೇ ಒಂದು ಹುಡುಗಿಯನ್ನೂ ಕಂಡಿಲ್ಲ. ಕ್ಯಾಮೆರಾದ ಮುಂದೆ ಯಾರೂ ಶ್ರುತಿ ಮಾಡುವುದಿಲ್ಲ. ಮಾಡುವುದಿದ್ದರೆ ಆ ವಾದ್ಯ ನಿಜವಾಗಿಯೂ ಅವಳದ್ದೇ ಆಗಿರಬೇಕು.

ಅವಳು ಮೂರನೆಯದನ್ನೇ ಕಳಿಸಿದಳು, ಕಡ್ಡಾಯವಾಗಿ ಕೇಳಿದ್ದ ಎರಡು ಕಡೆಗೆ. ಬೇಕಿದ್ದರೆ ಹಾಕಿ ಎಂದಿದ್ದ ನಾಲ್ಕು ಕಡೆ ಚೌಕವನ್ನು ಖಾಲಿ ಬಿಟ್ಟಳು. ಕುತ್ತಿಗೆಯ ಗುರುತನ್ನು ಅಳಿಸಿಲ್ಲ. ಅಕ್ಕ ಈಗಲೂ ನನ್ನ ಮೇಲೆ ಸ್ವಲ್ಪ ಗುರ್ ಅಂತಾಳೆ. ಫೆಬ್ರುವರಿಯಲ್ಲಿ ಎದುರಿಗೆ ನಿಂತು ನುಡಿಸುವ ಸುತ್ತು, ಏಪ್ರಿಲ್ ಹೊತ್ತಿಗೆ ಫಲಿತಾಂಶ.

ಅರ್ಜಿ ಕಳಿಸಿದ ರಾತ್ರಿ ಹುಡುಗಿ ವಿಡಿಯೋ ಕರೆ ಮಾಡಿ ಮುತ್ತಜ್ಜಿಯ ವೀಣೆಯ ಫೋಟೋ ತೋರಿಸು ಎಂದಳು. ಗೋಡೆಯಿಂದ ಇಳಿಸಿ, ಗಾಜು ಒರೆಸಿ, ಫೋನಿನ ಮುಂದೆ ಹಿಡಿದೆ. ಅಜ್ಜಿ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಹುಡುಗಿ ತುಂಬ ಹೊತ್ತು ಸುಮ್ಮನೆ ನೋಡಿದಳು. ಇನ್ನೂ ಹತ್ತಿರ ಹಿಡಿ, ಬಿರಡೆಗಳ ಹತ್ತಿರ ಎಂದಳು.

‘ಚಿಕ್ಕಿ, ಇದರಲ್ಲಿ ಎರಡು ತಂತಿನೇ ಇಲ್ಲ.’

ನಾನು ನಾಲ್ಕು ವರ್ಷ ಆ ಫೋಟೋವನ್ನು ಅಭ್ಯಾಸ ಮಾಡಿದವಳು. ಬೆರಳು ನೋಡಿದ್ದೆ, ಜಡೆ ನೋಡಿದ್ದೆ, ಪರದೆಯ ಹಂಸ ಎಷ್ಟೆಂದು ಎಣಿಸಿದ್ದೆ. ತಂತಿ ಎಣಿಸಿರಲಿಲ್ಲ. ಅಜ್ಜಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

‘ಹೌದಲ್ಲೇ! ನಿಮ್ಮ ತಾತನ ಮನೇಲೂ ಯಾರೂ ನೋಡ್ಲಿಲ್ಲ ನೋಡು’ ಎಂದು ನಗತೊಡಗಿದರು.